ಬಸಿಗಾಲುವೆ ದಂಡೆಯ ಬಿಳಿ ಹೂ: ಇದು ಗರುಗವೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಮಳೆ ಕಡಿಮೆಯಾಗುತ್ತಿದ್ದ ಹಾಗೆ ಬಸಿಗಾಲುವೆಯ ದಂಡೆಯಲ್ಲಿ, ಹೊಸದಾಗಿ ಮಣ್ಣು ಕೆತ್ತಿ ಹಾಕಿದ ಕಡೆಯಲ್ಲೆಲ್ಲ ಸಣ್ಣ ಶಾವಂತಿಗೆಯಂಥ ಹೂ ಬಿಡುವ ಗಿಡಗಳು ಏಳುತ್ತವೆ. ಕೆಲವು ಬಿಳಿ, ಕೆಲವು ಹಳದಿ. ನಮ್ಮ ಅತ್ತೆಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ತಲೆಗೆ ಎಣ್ಣೆ ಕಾಯಿಸಲು ಗರುಗ ಕಿತ್ತು ತಾ ಅಂತ ನನ್ನನ್ನು ಕಳಿಸುತ್ತಾರೆ. ನಾನು ತಂದದ್ದರಲ್ಲಿ ಅರ್ಧ ಗರುಗ ಅಲ್ಲ ಅಂತ ಮೂಸಿ ನೋಡಿಯೇ ಬಿಸಾಡುತ್ತಾರೆ. ಮೊಬೈಲ್ ಆ್ಯಪ್ ಒಂದೇ ಗಿಡಕ್ಕೆ ಮೂರು ಸಲ ಮೂರು ಹೆಸರು ಹೇಳಿತು. ಐದು ಫೋಟೊ ಕಳಿಸಿದ್ದೇನೆ. ನನ್ನ ತವರು ಹೊಸದುರ್ಗದ ಕಡೆ. ಅಲ್ಲಿನ ಕೆರೆಯಂಗಳದಲ್ಲೂ ಇಂಥವೇ ಗಿಡಗಳನ್ನು ನೋಡಿದ ನೆನಪು. ಇವನ್ನು ಗುರುತು ಹಿಡಿಯುವುದು ಹೇಗೆ?

ಉತ್ತರ: ಮೊದಲು ನಿಮ್ಮ ಫೋಟೊಗಳ ವಿಷಯ ಹೇಳಿಬಿಡುತ್ತೇನೆ. ಎರಡನೆಯದು ಗರುಗ, ಅನುಮಾನವೇ ಇಲ್ಲ. ಒಂದನೆಯದು ಜಯಂತಿ. ಮೂರನೆಯ ಹಳದಿ ಹೂವಿನದು ಸಿನೆಡ್ರೆಲ್ಲಾ ಅನ್ನುವ ಕಳೆ. ನಾಲ್ಕನೆಯದು ಹೊನಗೊನ್ನೆ ಸೊಪ್ಪು, ಅದು ಗರುಗದ ಸೂರ್ಯಕಾಂತಿ ಕುಟುಂಬಕ್ಕೇ ಸೇರಿದ್ದಲ್ಲ. ಐದನೆಯದರಲ್ಲಿ ಹೂವೇ ಇಲ್ಲ. ಅದರ ಮಾತು ಕೊನೆಗೆ.

ನೀವು ಮೋಸ ಹೋದದ್ದು ಎಲ್ಲಿ ಅಂತ ನನಗೆ ಚೆನ್ನಾಗಿ ಗೊತ್ತು. ನಿಮ್ಮ ಐದೂ ಫೋಟೊ ಮೇಲಿನಿಂದ ತೆಗೆದವು. ಎಲೆ ಕಾಣುತ್ತದೆ, ಹೂವಿನ ಬಣ್ಣ ಕಾಣುತ್ತದೆ, ಅಷ್ಟೇ. ಈ ಗುಂಪಿನಲ್ಲಿ ಆ ಎರಡನ್ನೇ ನಂಬಿದರೆ ಕೆಟ್ಟೆವು. ಒದ್ದೆ ನೆಲದ ಗಿಡಗಳ ಎಲೆ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ನಿಮ್ಮ ತೋಟದ ನೆರಳಲ್ಲಿ ಬೆಳೆದ ಗರುಗ ಮೊಳಕಾಲೆತ್ತರ ನಿಲ್ಲುತ್ತದೆ, ಎಲೆ ಅಗಲ, ಬಣ್ಣ ತಿಳಿ ಹಸಿರು. ಅದೇ ಗರುಗ ದನ ಓಡಾಡುವ ಗದ್ದೆಯ ಅಂಚಿನಲ್ಲಿ, ಬಿಸಿಲಲ್ಲಿ, ನೆಲಕ್ಕೆ ಅಂಟಿಕೊಂಡು ಅಂಗೈಯಗಲ ಬೆಳೆದು ಅಷ್ಟಕ್ಕೇ ಹೂ ಬಿಡುತ್ತದೆ. ಕಾಂಡ ಕೆಂಪಗೆ, ಎಲೆ ಬೆರಳುಗುರಿನಷ್ಟು. ಎರಡನ್ನೂ ಪಕ್ಕದಲ್ಲಿಟ್ಟರೆ ಬೇರೆ ಬೇರೆ ಗಿಡ ಅಂತಲೇ ಅನಿಸುತ್ತದೆ. ಆ್ಯಪ್ ತಡವರಿಸಿದ್ದೂ ಇದಕ್ಕೇ ಇರಬೇಕು. ಅದಕ್ಕೆ ನೀವು ಕೊಟ್ಟದ್ದು ಎಲೆ ಮಾತ್ರ ಅಲ್ವಾ?

ಹಾಗಾದರೆ ಏನು ನೋಡಬೇಕು? ಬೀಜ ನೋಡಬೇಕು. ಸೂರ್ಯಕಾಂತಿ ಕುಟುಂಬದ ಸಣ್ಣ ಗಿಡಗಳಿಗೆ ನಿಜವಾದ ಗುರುತಿನ ಚೀಟಿ ಅಂದರೆ ಬೀಜ ಮತ್ತು ಅದರ ತಲೆಯ ಮೇಲೆ ಏನಿದೆ ಅನ್ನುವುದು. ಅದು ನೆರಳಿಗೂ ಬಿಸಿಲಿಗೂ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಒಂದು ಪೂರ್ವಪಾಠ ಬೇಕು, ಚಿಕ್ಕದು. ಈ ಕುಟುಂಬದಲ್ಲಿ ನಾವು ಒಂದು ಹೂ ಅನ್ನುವುದು ನಿಜಕ್ಕೂ ಒಂದು ಹೂವಲ್ಲ. ಅದೊಂದು ತಟ್ಟೆ. ತಟ್ಟೆಯ ತುಂಬ ಹತ್ತಾರು ಪುಟ್ಟ ಹೂಗಳು ಒತ್ತಾಗಿ ಕೂತಿರುತ್ತವೆ. ಸೂರ್ಯಕಾಂತಿಯನ್ನು ನೆನಪಿಸಿಕೊಳ್ಳಿ. ಸುತ್ತಲಿನ ಹಳದಿ ಎಸಳು ಒಂದೊಂದೂ ಒಂದು ಹೂ. ನಡುವಿನ ಕಪ್ಪು ಭಾಗದಲ್ಲಿ ಸಾಲುಸಾಲಾಗಿ ಕೂತಿರುವ ಕೊಳವೆಗಳು ಒಂದೊಂದೂ ಒಂದು ಹೂ. ಬೀಜ ಕಟ್ಟುವ ಪ್ರತಿ ಹೂವಿನ ಬುಡದಲ್ಲಿ ಒಂದೇ ಒಂದು ಬೀಜ. ನಾವು ಬೀಜ ಅಂದರೂ ಸಸ್ಯಶಾಸ್ತ್ರದಲ್ಲಿ ಅದು ಒಣಕಾಯಿ. ನಮ್ಮ ಕೆಲಸಕ್ಕೆ ಬೀಜ ಅಂದರೆ ಸಾಕು. ಸುತ್ತಲಿನವನ್ನು ಅಂಚಿನ ಹೂ ಅಂತಲೂ ಒಳಗಿನವನ್ನು ನಡುವಿನ ಹೂ ಅಂತಲೂ ಕರೆಯೋಣ. ಬೀಜದ ನೆತ್ತಿಯ ಮೇಲೆ ಕೆಲವಕ್ಕೆ ಕೂದಲ ಕುಚ್ಚು ಇರುತ್ತದೆ, ಕೆಲವಕ್ಕೆ ಮುಳ್ಳು, ಕೆಲವಕ್ಕೆ ಹೊಟ್ಟಿನಂಥ ಪೊರೆ, ಕೆಲವಕ್ಕೆ ಏನೂ ಇಲ್ಲ. ಆ ಕುಚ್ಚೇ ನಮಗೆ ಮುಖ್ಯ.

ಈಗ ತೋಟಕ್ಕೆ ಹೋಗಿ. ಒಂದು ಬಿಳಿ ಕಾಗದ, ಒಂದು ಗುಂಡುಸೂಜಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಇದ್ದರೆ ಸಾಕು. ಮಸೂರ ಇಲ್ಲವೇ? ಮೊಬೈಲ್ ಕ್ಯಾಮೆರಾವನ್ನು ಜೂಮ್ ಮಾಡಿದರೂ ಬಹಳಷ್ಟು ಕಾಣುತ್ತದೆ. ಗರುಗ ಅಂತ ಅನಿಸಿದ ಗಿಡದಿಂದ ಹೂ ಉದುರಿ ಹಸಿರು ಗುಂಡಿಯ ಹಾಗಾದ ತಟ್ಟೆಯೊಂದನ್ನು ಕಿತ್ತುಕೊಳ್ಳಿ. ಅರಳಿದ ಹೂ ಬೇಡ, ಮಾಗಿದ್ದೇ ಬೇಕು. ಅಂಗಿಯ ಸಣ್ಣ ಗುಂಡಿಯಷ್ಟು, ಸುಮಾರು ಒಂದು ಸೆಂಟಿಮೀಟರ್ ಅಗಲ ಇರುತ್ತದೆ. ಮೇಲಿನಿಂದ ನೋಡಿದರೆ ಪುಟಾಣಿ ಸೂರ್ಯಕಾಂತಿ ತಟ್ಟೆಯೇ. ಬೀಜಗಳು ಒತ್ತೊತ್ತಾಗಿ ನಿಂತಿರುತ್ತವೆ. ಹೆಬ್ಬೆರಳಿನ ಉಗುರಿನಿಂದ ಮಧ್ಯಕ್ಕೆ ಸೀಳಿ ಕಾಗದದ ಮೇಲೆ ಕೊಡವಿ. ಎರಡು ಎರಡೂವರೆ ಮಿಲಿಮೀಟರ್ ಉದ್ದದ ಬೀಜಗಳು ಉದುರುತ್ತವೆ. ಮಾಗಿದವು ಕಂದು ಇಲ್ಲವೇ ಕಪ್ಪು. ಸೂಜಿಯಿಂದ ಒಂದನ್ನು ಹೊರಳಿಸಿ. ಮೈಮೇಲೆಲ್ಲ ಹಾಗಲಕಾಯಿಯ ಹಾಗೆ ಗಂಟುಗಂಟು. ನೆತ್ತಿ ಬೋಳು. ಕುಚ್ಚಿಲ್ಲ, ಮುಳ್ಳಿಲ್ಲ, ಹೆಚ್ಚೆಂದರೆ ಕಂಡೂ ಕಾಣದಷ್ಟು ಸಣ್ಣ ಹಲ್ಲು. ಇದನ್ನು ನೋಡಿದಿರಿ ಅಂದರೆ ಗರುಗ ಸಿಕ್ಕಿತು.

ಗರುಗದ ವೈಜ್ಞಾನಿಕ ಹೆಸರೂ ಇದನ್ನೇ ಹೇಳುತ್ತದೆ. ಎಕ್ಲಿಪ್ಟಾ ಪ್ರಾಸ್ಟ್ರೇಟಾ. ಎಕ್ಲಿಪ್ಟಾ ಅನ್ನುವುದು ಕೊರತೆ ಅನ್ನುವ ಅರ್ಥದ ಗ್ರೀಕ್ ಮಾತಿನಿಂದ ಬಂದದ್ದು. ಬೀಜಕ್ಕೆ ಕುಚ್ಚಿನ ಕೊರತೆ ಅಂತ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಇದನ್ನು ಬೇರೆ ಹೆಸರಿನಲ್ಲಿ ದಾಖಲಿಸಿದ್ದ. 1771ರಲ್ಲಿ ಈ ಹೆಸರಿಟ್ಟ. ಪ್ರಾಸ್ಟ್ರೇಟಾ ಅಂದರೆ ನೆಲಕ್ಕೆ ಒರಗಿದ್ದು. ಎಣ್ಣೆ ಬಾಟಲಿಗಳ ಮೇಲೆ ಎಕ್ಲಿಪ್ಟಾ ಆಲ್ಬಾ ಅಂತ ಬರೆದಿರುತ್ತಾರೆ. ಅದೂ ಇದೇ ಗಿಡ, ಹಳೆಯ ಹೆಸರು. ಭೃಂಗರಾಜ, ಕಾಡಿಗ್ಗರುಗ ಎಲ್ಲ ಇದೇ.

ಮಸೂರ ಕೈಯಲ್ಲಿದ್ದಾಗ ಇನ್ನೊಂದನ್ನು ನೋಡಿಬಿಡಿ, ನನಗೆ ತುಂಬ ಇಷ್ಟವಾದದ್ದು. ಅರಳಿದ ಗರುಗದ ಹೂವಿನ ನಡುವಿನ ಕೊಳವೆ ಹೂ ಒಂದನ್ನು ಹುಡುಕಿ. ಅದರ ಬಾಯಿ ನಾಲ್ಕು ಸೀಳಾಗಿರುತ್ತದೆ. ಈ ಕುಟುಂಬದಲ್ಲಿ ಸಾಮಾನ್ಯವಾಗಿ ಐದು ಸೀಳು. ಜಯಂತಿಯದನ್ನು ನೋಡಿದರೆ ಐದೇ. ಗರುಗದ ಅಂಚಿನ ಹೂಗಳು ಬಿಳಿ, ಎರಡು ಮಿಲಿಮೀಟರ್ ಉದ್ದ, ದಾರದೆಳೆಯಷ್ಟು ಸಪೂರ, ಹತ್ತಾರು ಇರುತ್ತವೆ. ನಡುವಿನವೂ ಬಿಳಿಯೇ. ಇಡೀ ಹೂವಿನಲ್ಲಿ ಹಳದಿ ಅನ್ನುವುದು ಎದ್ದು ಕಾಣುವುದಿಲ್ಲ. ನಿಮ್ಮ ಒಂದನೆಯ ಫೋಟೊದಲ್ಲಿ ನಡು ಅಚ್ಚ ಹಳದಿ. ಹಾಗಾಗಿ ಅದು ಗರುಗ ಆಗಲು ಸಾಧ್ಯವೇ ಇಲ್ಲ.

ಇನ್ನು ಅತ್ತೆಯವರ ಪರೀಕ್ಷೆ. ಅವರು ಮೂಸುವುದರ ಜೊತೆಗೆ ಇನ್ನೊಂದನ್ನೂ ಮಾಡುತ್ತಿರಬೇಕು, ಗಮನಿಸಿ ನೋಡಿ. ಹಸಿ ಗರುಗದ ನಾಲ್ಕು ಎಲೆಯನ್ನು ಅಂಗೈಯಲ್ಲಿ ಹಾಕಿ ಗಟ್ಟಿಯಾಗಿ ತಿಕ್ಕಿ ಸ್ವಲ್ಪ ಹೊತ್ತು ಬಿಟ್ಟರೆ ಹಸಿರು ರಸ ಕಪ್ಪಾಗುತ್ತದೆ. ಮುರಿದ ಕಾಂಡದ ತುದಿಯೂ ಕಪ್ಪಗಾಗುತ್ತದೆ. ಬೆರಳಿಗೆ ಹತ್ತಿದ ಕಲೆ ಒಂದು ಸಲ ತೊಳೆದರೆ ಹೋಗುವುದಿಲ್ಲ. ಕಾಡಿಗೆಗೆ ಇದನ್ನೇ ಬಳಸುತ್ತಿದ್ದರು. ಬಿಳಿ ಅರಳೆ ಬಟ್ಟೆಯನ್ನು ಗರುಗದ ರಸದಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿ ಮಸಿ ಹಿಡಿಯುತ್ತಿದ್ದರು. ನನ್ನ ಅಜ್ಜಿ ರಸ ಹಿಂಡುವಾಗ ಬಟ್ಟೆ ಮೊದಲು ಹಸಿರಾಗಿ ಆಮೇಲೆ ಕಪ್ಪಿಗೆ ತಿರುಗುವುದನ್ನು ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಅವರು ಹೂ, ಎಲೆ ಯಾವುದನ್ನೂ ತೋರಿಸಿ ಕಲಿಸಲಿಲ್ಲ. ಕಪ್ಪಾಗದಿದ್ದರೆ ಗರುಗ ಅಲ್ಲ ಅಂದಿದ್ದರು, ಅಷ್ಟೇ. ಹೂವಿಲ್ಲದ ಗಿಡವನ್ನು ಕಿತ್ತಾಗ ಈಗಲೂ ನಾನು ಮೊದಲು ಮಾಡುವುದು ಅದನ್ನೇ. ಆದರೆ ಒಣಗಿದ, ಬಾಡಿದ ಗಿಡದಲ್ಲಿ ಈ ಪರೀಕ್ಷೆ ಸರಿಯಾಗಿ ಬರುವುದಿಲ್ಲ. ಹಸಿಯದ್ದೇ ಬೇಕು. ಬೀಜವನ್ನೂ ಸೇರಿಸಿ ನೋಡಿದರೆ ಖಾತ್ರಿ.

ಜಯಂತಿಯ ಮಾತಿಗೆ ಬರುತ್ತೇನೆ. ಜಾಸ್ತಿ ಜನ ಗರುಗ ಅಂತ ಕಿತ್ತು ತರುವುದು ಇದನ್ನೇ. ಕೆಲವು ಕಡೆ ಗಬ್ಬು ಶಾವಂತಿ ಅಂತಲೂ ಕರೆಯುತ್ತಾರೆ. ವೈಜ್ಞಾನಿಕ ಹೆಸರು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಮೂಲ ಅಮೆರಿಕ ಖಂಡದ ಬಿಸಿನಾಡು. ಈಗ ನಮ್ಮ ಪ್ರತಿ ಊರಿನ ಪ್ರತಿ ರಸ್ತೆ ಬದಿಯಲ್ಲೂ ಇದೆ. ಚಿಕ್ಕವರಿದ್ದಾಗ ಇದರ ತೊಟ್ಟನ್ನು ಕುಣಿಕೆ ಮಾಡಿ ಹೂವಿನ ತಲೆ ಹಾರಿಸಿ ಆಡಿದ್ದೀರಿ ಅಲ್ವಾ? ಆ ಆಟವೇ ಗುರುತು. ತೊಟ್ಟು ಒಂದು ಗೇಣಿಗೂ ಮೇಲೆ ಉದ್ದ ಇರಬಹುದು. ಅದರ ತುದಿಗೆ ಒಂದೇ ಹೂ. ಅಂಚಿನ ಹೂಗಳು ಸಾಮಾನ್ಯವಾಗಿ ಐದು, ಕೆನೆ ಬಣ್ಣ, ಅಗಲವಾಗಿದ್ದು ತುದಿಯಲ್ಲಿ ಮೂರು ಹಲ್ಲು. ಎಲೆಯ ಅಂಚು ಗರಗಸದ ಹಾಗೆ ಒರಟಾಗಿ ಕಚ್ಚಿಕೊಂಡಿರುತ್ತದೆ. ಗರುಗದಲ್ಲಿ ಹೂವಿನ ತೊಟ್ಟು ಅಂಗುಲ, ಎರಡಂಗುಲದ ಲೆಕ್ಕ. ಅದರಲ್ಲಿ ಕುಣಿಕೆ ಹಾಕುವ ಆಟ ಆಗುವುದಿಲ್ಲ.

ಜಯಂತಿಯ ಬೀಜ ಉದುರಿಸಿ ನೋಡಿ. ಕಪ್ಪು ಬೀಜ, ಮೈತುಂಬ ರೋಮ, ನೆತ್ತಿಯ ಮೇಲೆ ಹಕ್ಕಿಗರಿಯಂಥ ಎಳೆಗಳ ಕುಚ್ಚು. ಉಫ್ ಅಂದರೆ ಹಾರಿಹೋಗುತ್ತದೆ. ಇಲ್ಲೇ ಒಂದು ವಿಷಯ ಹೇಳಬೇಕು. ಬೀಜ ಬರೀ ಹೆಸರು ಹೇಳುವುದಿಲ್ಲ, ಗಿಡ ಎಲ್ಲಿ ನಿಂತಿರುತ್ತದೆ ಅನ್ನುವುದನ್ನೂ ಹೇಳುತ್ತದೆ. ಜಯಂತಿ ಗಾಳಿಯಲ್ಲಿ ಬರುತ್ತದೆ. ಹಾಗಾಗಿ ಅಂಗಳ, ಗೋಡೆಯ ಬಿರುಕು, ರಸ್ತೆ ಬದಿಯ ಜಲ್ಲಿ, ಎಲ್ಲಾದರೂ ಇಳಿಯುತ್ತದೆ. ಗರುಗದ ಬೀಜಕ್ಕೆ ರೆಕ್ಕೆ ಇಲ್ಲ. ಅದು ನೀರಿನ ಜೊತೆ, ಕೆಸರಿನ ಜೊತೆ, ದನದ ಗೊರಸಿಗೆ ಮೆತ್ತಿದ ಮಣ್ಣಿನ ಜೊತೆ ಸಾಗುತ್ತದೆ. ಮೊಳೆಯಲು ಅದಕ್ಕೆ ಬೆಳಕು ಬೇಕು. ದಟ್ಟ ಹುಲ್ಲಿನ ಕೆಳಗೆ ಅದು ಏಳುವುದು ಕಷ್ಟ. ನೀವು ಕಾಲುವೆ ಹೂಳು ಕೆತ್ತಿ ದಂಡೆಗೆ ಹಾಕಿದಿರಿ ನೋಡಿ, ಹೊಸ ಮಣ್ಣು, ತೇವ, ಬೆಳಕು ಮೂರೂ ಒಟ್ಟಿಗೆ ಸಿಕ್ಕಿತು. ಅದಕ್ಕೇ ಅಲ್ಲೇ ಎದ್ದದ್ದು. ನಿಮ್ಮ ತೋಟದಲ್ಲೇ ಗಮನಿಸಿ: ನೀರಿನ ಅಂಚಿನಲ್ಲಿ ಗರುಗ, ದಂಡೆಯ ಮೇಲ್ಭಾಗದ ಒಣ ಜಾಗದಲ್ಲಿ ಜಯಂತಿ. ನಡುವೆ ಒಂದು ಮೊಳದ ಅಂತರ ಇದ್ದರೂ ಆಯಿತು.

ಮೂರನೆಯ ಫೋಟೊದ ಸಿನೆಡ್ರೆಲ್ಲಾ ನೋಡಿಫ್ಲೋರಾ ಅಡಿಕೆ ತೋಟದ ನೆರಳಿಗೆ ಚೆನ್ನಾಗಿ ಹೊಂದಿಕೊಂಡಿದೆ. ಇದೂ ಅಮೆರಿಕ ಖಂಡದಿಂದ ಬಂದದ್ದು. ಹೂ ಬಿಡುವ ಮೊದಲು ಇದನ್ನು ಗರುಗ ಅಂದುಕೊಳ್ಳುವುದು ಬಹಳ ಸುಲಭ. ಎದುರುಬದುರು ಎಲೆ, ಒರಟು ಮೈ, ಅದೇ ಎತ್ತರ. ನಾನೂ ಶುರುವಿನ ವರ್ಷಗಳಲ್ಲಿ ಎಳೆಯ ಸಿನೆಡ್ರೆಲ್ಲಾವನ್ನು ಗರುಗ ಅಂತ ಬರೆದು ಹಾಳೆಯಲ್ಲಿ ಒಣಗಿಸಿ ಇಟ್ಟಿದ್ದೆ. ಅಂಗೈಯಲ್ಲಿ ತಿಕ್ಕಿ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಹೂ ಬಂದ ಮೇಲೆ ಗೊಂದಲ ಇಲ್ಲ. ಹಳದಿ, ತೊಟ್ಟಿಲ್ಲದೆ ಎಲೆಯ ಕಂಕುಳಲ್ಲೇ ಗುಂಪಾಗಿ ಕೂತಿರುತ್ತದೆ. ಬೀಜ ಮಾತ್ರ ಅದ್ಭುತ. ಒಂದೇ ತಟ್ಟೆಯಲ್ಲಿ ಎರಡು ಬಗೆಯ ಬೀಜ. ಅಂಚಿನ ಹೂವಿನದು ಚಪ್ಪಟೆ, ಸುತ್ತ ಹರಿದ ಕಾಗದದ ಹಾಗೆ ಹಲ್ಲು ಹಲ್ಲಿನ ರೆಕ್ಕೆ. ನಡುವಿನ ಹೂವಿನದು ಸಪೂರ, ನೆತ್ತಿಗೆ ಎರಡು ಗಟ್ಟಿ ಮುಳ್ಳು. ತೋಟದಿಂದ ಬಂದಾಗ ಸೀರೆಯ ಅಂಚಿಗೆ, ಪಂಚೆಗೆ ಅಂಟಿಕೊಂಡು ಬರುವವುಗಳಲ್ಲಿ ಇದೂ ಒಂದು. ಇವತ್ತೇ ಸೀರೆ ಅಂಚಿನಿಂದ ಬಿಡಿಸಿ ನೋಡಿ, ಸಿಕ್ಕರೂ ಸಿಕ್ಕೀತು.

ಹೊನಗೊನ್ನೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೊಪ್ಪು ತಿನ್ನುವವರಿಗೆಲ್ಲ ಗೊತ್ತು. ಒದ್ದೆ ಜಾಗ, ಎದುರುಬದುರು ಎಲೆ, ಬಿಳಿ ಗುಂಡನೆಯ ಹೂ ಅನ್ನುವುದರಿಂದ ಗರುಗದ ಜೊತೆ ಬೆರೆತುಹೋಗುತ್ತದೆ. ಹೊನಗೊನ್ನೆಯ ಹೂ ಮುಟ್ಟಿದರೆ ಒಣ ಕಾಗದ ಮುಟ್ಟಿದ ಹಾಗೆ. ಎಲೆಯ ಕಂಕುಳಿಗೆ ಅಂಟಿಕೊಂಡಿರುತ್ತದೆ, ತೊಟ್ಟೇ ಇಲ್ಲ. ಎಲೆಯೂ ನಯ. ಕೆರೆಗಳಲ್ಲಿ ತೇಲುತ್ತ ಹಬ್ಬುವ ಇನ್ನೊಂದು ಜಾತಿಯ ಹೊನಗೊನ್ನೆ ಇದೆ. ಅದರ ಬಿಳಿ ಗುಂಡಿಗೆ ತೊಟ್ಟು ಉಂಟು, ಆದರೆ ಕಾಂಡ ಮುರಿದರೆ ಒಳಗೆ ಟೊಳ್ಳು.

ಹಳದಿ ಹೂವಿನ ಇನ್ನೆರಡನ್ನು ನೀವು ಇವತ್ತಲ್ಲ ನಾಳೆ ನೋಡುತ್ತೀರಿ. ಒಂದು ಹಳದಿ ಗರುಗ. ಕೇರಳ, ತಮಿಳುನಾಡಿನಲ್ಲಿ ಇದನ್ನು ಗರುಗದ ಜೊತೆಗೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇದು ಗರುಗದ ಹಳದಿ ಬಗೆ ಅಲ್ಲ, ಬೇರೆಯೇ ಗಿಡ, ಸ್ಫ್ಯಾಗ್ನೆಟಿಕೋಲಾ ಕ್ಯಾಲೆಂಡ್ಯುಲೇಸಿಯಾ. ಹಳೆಯ ಹೆಸರು ವೆಡೆಲಿಯಾ. ವೆಡೆಲೋಲ್ಯಾಕ್ಟೋನ್ ಅನ್ನುವ ರಾಸಾಯನಿಕಕ್ಕೆ ಆ ಹೆಸರು ಬಂದದ್ದು ಈ ಗಿಡದಿಂದ. ಅದು ಗರುಗದಲ್ಲೂ ಇದೆ, ಹಾಗಾಗಿ ಜನ ಎರಡನ್ನೂ ಜೋಡಿ ಮಾಡಿದ್ದರಲ್ಲಿ ಅರ್ಥವಿದೆ. ಇನ್ನೊಂದು ಅದರ ವಿದೇಶಿ ಸೋದರ, ಸ್ಫ್ಯಾಗ್ನೆಟಿಕೋಲಾ ಟ್ರೈಲೋಬೇಟಾ. ಬೆಂಗಳೂರಿನಲ್ಲಿ ಉದ್ಯಾನಗಳಲ್ಲಿ, ರಸ್ತೆ ವಿಭಜಕಗಳಲ್ಲಿ ನೆಲ ಮುಚ್ಚಲು ನೆಡುವುದು ಇದನ್ನೇ. ಎಲೆ ಮಿರಮಿರ ಮಿಂಚುತ್ತದೆ, ಮೂರು ಭಾಗವಾಗಿ ಕಚ್ಚಿದ ಹಾಗಿರುತ್ತದೆ. ನಮ್ಮ ಹಳದಿ ಗರುಗದ ಎಲೆ ಸಪೂರ, ಅಂಚು ಹೆಚ್ಚುಕಡಿಮೆ ನೇರ. ವಿದೇಶಿಯದನ್ನು ಚಂದ ಕಾಣುತ್ತದೆ ಅಂತ ದಯವಿಟ್ಟು ತೋಟಕ್ಕೆ ತರಬೇಡಿ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಒಂದು ತುಂಡು ಕಾಂಡ ಕಾಲುವೆಗೆ ಬಿದ್ದರೂ ಬೇರು ಬಿಟ್ಟು ಹಬ್ಬುತ್ತದೆ. ನಿಮ್ಮ ಗರುಗಕ್ಕೆ ಜಾಗವೇ ಉಳಿಯುವುದಿಲ್ಲ.

ಹಲ್ಲುನೋವಿನ ಗಿಡ ಅನ್ನುವ ಆಕ್ಮೆಲ್ಲಾ ಕೂಡ ನಿಮ್ಮ ಕಡೆ ಇರುತ್ತದೆ. ಹಳದಿ ಹೂತಟ್ಟೆ ಚಪ್ಪಟೆಯಾಗಿರದೆ ಶಂಕುವಿನ ಹಾಗೆ ಮೇಲೆದ್ದಿರುತ್ತದೆ. ಕೆಲವು ಜಾತಿಗೆ ಅಂಚಿನ ಹೂ ಇರುತ್ತದೆ, ಕೆಲವಕ್ಕೆ ಇಲ್ಲ. ಜಗಿದರೆ ನಾಲಿಗೆ ಜುಮ್ ಅಂದು ಮರಗಟ್ಟುತ್ತದೆ, ಬಾಯಲ್ಲಿ ನೀರು ಬರುತ್ತದೆ. ಅದು ಸ್ಪಿಲಾಂಥಾಲ್ ಅನ್ನುವ ಅಂಶದಿಂದ. ಆದರೆ ಗಿಡ ಇದೇ ಅಂತ ಖಾತ್ರಿಯಾಗುವ ಮೊದಲು ಯಾವುದನ್ನೂ ಜಗಿದು ನೋಡಬೇಡಿ.

ಯಾಕೆ ಅಂತ ಹೇಳುತ್ತೇನೆ, ಈ ಇಡೀ ಉತ್ತರದಲ್ಲಿ ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲೇ. ತಲೆಗೆ ಹಚ್ಚುವ ಎಣ್ಣೆಯಲ್ಲಿ ಗರುಗದ ಬದಲು ನಾಲ್ಕು ಜಯಂತಿ ಎಲೆ ಸೇರಿದರೆ ಅಂಥ ಅನಾಹುತ ಏನಿಲ್ಲ. ಆದರೆ ಮಲೆನಾಡಿನಲ್ಲಿ ನಾವು ಗರುಗದ ತಂಬುಳಿಯನ್ನೂ ಮಾಡುತ್ತೇವೆ. ಹೊಟ್ಟೆಗೆ ಹೋಗುವಾಗ ಲೆಕ್ಕ ಬೇರೆ. ಅದೇ ಒದ್ದೆ ದಂಡೆಯಲ್ಲಿ ಊರಾಳ ಗಿಡ ಇರುತ್ತದೆ, ನಾಯಿತುಳಸಿ ಅಂತಲೂ ಅನ್ನುತ್ತಾರೆ, ಅಜೆರೇಟಂ. ತಿಳಿ ನೇರಳೆ ಅಥವಾ ಬಿಳಿ ಹೂ, ಸಣ್ಣ ಸಣ್ಣ ಕುಂಚಗಳು ಗುಂಪಾಗಿ ಒಂದೇ ಮಟ್ಟದಲ್ಲಿ ನಿಂತ ಹಾಗೆ. ಎಸಳಿನಂಥ ಅಂಚಿನ ಹೂ ಒಂದೂ ಇಲ್ಲ. ಎಲೆ ಹಿಸುಕಿದರೆ ಮೂಗಿಗೆ ಹೊಡೆಯುವ ವಾಸನೆ. ಅತ್ತೆಯವರು ಮೂಸಿ ಬಿಸಾಡಿದ್ದರಲ್ಲಿ ಎಳೆಯ ನಾಯಿತುಳಸಿಯೂ ಇತ್ತು ಅಂತ ನನ್ನ ಊಹೆ. ಅವರ ಮೂಗನ್ನು ನಂಬಿ. ಈ ಗಿಡದಲ್ಲಿ ಪೈರೊಲಿಜಿಡಿನ್ ಆಲ್ಕಲಾಯ್ಡ್ ಅನ್ನುವ ಅಂಶಗಳಿವೆ. ಅವು ಯಕೃತ್ತಿಗೆ, ಅಂದರೆ ಲಿವರ್‌ಗೆ ಕೆಡುಕು. ಒಂದು ಸಲ ತಿಂದ ಕೂಡಲೇ ಏನೂ ಗೊತ್ತಾಗದೇ ಇರಬಹುದು. ಸ್ವಲ್ಪ ಸ್ವಲ್ಪವೇ ಸೇರುತ್ತ ಹೋದರೂ ಹಾನಿ.

ಇಲಿಕಿವಿ ಸೊಪ್ಪಿನ ವಿಷಯದಲ್ಲಿ ಇದನ್ನು ಹೇಳಲು ನನಗೆ ಬೇಸರ. ನಾನೂ ಅದರ ತಂಬುಳಿ ಉಂಡು ಬೆಳೆದವನು. ಎಮಿಲಿಯಾ ಸೊಂಚಿಫೋಲಿಯಾ ಅದರ ಹೆಸರು. ಮೇಲಿನ ಎಲೆಗಳು ಕಾಂಡವನ್ನು ತಬ್ಬಿಕೊಂಡಿರುತ್ತವೆ, ಹೂ ನಸುನೇರಳೆ ಕುಂಚ, ಅದರ ಕೆಳಗೆ ಹಸಿರು ಕೊಳವೆ, ಬೀಜಕ್ಕೆ ರೇಷ್ಮೆಯಂಥ ಬಿಳಿ ಕುಚ್ಚು. ಕೇರಳದ ದಶಪುಷ್ಪದಲ್ಲಿ, ಅಂದರೆ ಹತ್ತು ಮದ್ದಿನ ಗಿಡಗಳ ಗುಂಪಿನಲ್ಲಿ, ಗರುಗ, ಸಹದೇವಿಗಳ ಜೊತೆ ಇದಕ್ಕೂ ಸ್ಥಾನವಿದೆ. ಆದರೆ ಇದರಲ್ಲೂ ಅದೇ ಗುಂಪಿನ ಆಲ್ಕಲಾಯ್ಡ್‌ಗಳು ಸಿಕ್ಕಿವೆ. ದಿನಾ ತಿನ್ನುವುದು ಬೇಡ. ಗರ್ಭಿಣಿಯರು, ಚಿಕ್ಕ ಮಕ್ಕಳು ಬಿಟ್ಟೇಬಿಡುವುದು ಒಳ್ಳೆಯದು.

ಕಾಂಗ್ರೆಸ್ ಗಿಡ ಎಲ್ಲರಿಗೂ ಗೊತ್ತು, ಆದರೆ ಅದರ ಎಳೆಯ ಗಿಡ ಗೊತ್ತಿರುವುದಿಲ್ಲ. ನೆಲಕ್ಕೆ ಅಂಟಿದ ಚಕ್ರದ ಹಾಗೆ, ಕ್ಯಾರೆಟ್ ಸೊಪ್ಪಿನಂಥ ಎಲೆ. ಕೈಗೆ ಮುಟ್ಟಿಸಿಕೊಳ್ಳಬೇಡಿ, ಕೆಲವರಿಗೆ ಚರ್ಮ ಉರಿ ಏಳುತ್ತದೆ. ಗರುಗದ ಎಲೆ ಎದುರುಬದುರು ಜೋಡಿ, ಇದರದ್ದು ಒಂದೊಂದೇ ಬಿಡಿಬಿಡಿ. ಹೂವಿಲ್ಲದ ಗಿಡದಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಎಲೆ ಜೋಡಿಯೋ, ಒಂಟಿಯೋ? ಗರುಗ, ಜಯಂತಿ, ಸಿನೆಡ್ರೆಲ್ಲಾ, ಆಕ್ಮೆಲ್ಲಾ, ನಾಯಿತುಳಸಿ ಜೋಡಿಯ ಕಡೆ. ಇಲಿಕಿವಿ, ಸಹದೇವಿ, ಕಾಂಗ್ರೆಸ್ ಗಿಡ ಒಂಟಿಯ ಕಡೆ. ನಾಯಿತುಳಸಿಯ ತುದಿಯಲ್ಲಿ ಕೆಲವು ಸಲ ಎಲೆ ಒಂಟಿಯಾಗುತ್ತದೆ, ಹಾಗಾಗಿ ಕಾಂಡದ ನಡುಭಾಗವನ್ನು ನೋಡಿ.

ಇನ್ನೊಂದು ಮಾತು, ಗಿಡದ ಗುರುತಿಗೆ ಸಂಬಂಧವಿಲ್ಲದಿದ್ದರೂ ನಿಮಗೆ ಬೇಕಾದದ್ದು. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಬೋರ್ಡೋ ಹೊಡೆಸುತ್ತೀರಲ್ಲ, ಮೈಲುತುತ್ತದ ಆ ದ್ರಾವಣ ಹನಿಹನಿಯಾಗಿ ಕೆಳಗಿನ ಸೊಪ್ಪಿನ ಮೇಲೇ ಬೀಳುತ್ತದೆ. ಗರುಗದ ಎಲೆ ಒರಟು, ಹನಿ ಅಲ್ಲೇ ಒಣಗಿ ಉಳಿಯುತ್ತದೆ. ಔಷಧಿ ಹೊಡೆದ ತೋಟದಿಂದ ತಂಬುಳಿಗೆ ಸೊಪ್ಪು ಕೀಳಬೇಡಿ. ಕಳೆನಾಶಕ ಹೊಡೆದ ಜಾಗದ್ದೂ ಬೇಡ, ಪೇಟೆಯ ಚರಂಡಿ ಅಂಚಿನದ್ದಂತೂ ಬೇಡವೇ ಬೇಡ. ನಾಲ್ಕು ಬುಡ ಗರುಗವನ್ನು ಬಚ್ಚಲು ನೀರು ಹೋಗದ, ಬಾವಿಕಟ್ಟೆ ಪಕ್ಕದ ತೇವದಲ್ಲಿ ನೆಟ್ಟುಕೊಳ್ಳಿ. ಗಿಣ್ಣಿಗೆ ಮಣ್ಣು ತಾಗಿದರೆ ಸಾಕು, ಬೇರು ಬಿಡುತ್ತದೆ. ಅತ್ತೆಯವರೇ ಕೂತಲ್ಲಿಂದ ಕೈಚಾಚಿ ಕಿತ್ತುಕೊಳ್ಳಬಹುದು.

ತವರಿನ ಕೆರೆಯಂಗಳದ ಗಿಡಗಳು ಬೇರೆ ಸಂಸಾರ. ಮಲೆನಾಡಿನಲ್ಲಿ ತೇವ ಮೇಲಿನಿಂದ ಬರುತ್ತದೆ. ಬಯಲುಸೀಮೆಯಲ್ಲಿ ಕೆರೆ ಹಿಂದೆ ಸರಿದ ಹಾಗೆ ತೇವದ ಅಂಚೂ ಒಳಕ್ಕೆ ಸರಿಯುತ್ತದೆ. ಆ ಅಂಚನ್ನೇ ಹಿಂಬಾಲಿಸಿ ಗಿಡಗಳು ಹುಟ್ಟುತ್ತವೆ. ಭತ್ತ ಕೊಯ್ದ ಗದ್ದೆಯಲ್ಲೂ ಹೀಗೆಯೇ. ಅಲ್ಲಿ ನೀವು ನೋಡಿರಬಹುದಾದದ್ದು ಕರಂಡೆ, ಆಯುರ್ವೇದದ ಮುಂಡಿ. ಕಾಂಡದುದ್ದಕ್ಕೂ ಎಲೆಯೇ ಇಳಿದು ರೆಕ್ಕೆ ಕಟ್ಟಿಕೊಂಡ ಹಾಗಿರುತ್ತದೆ, ಅದೊಂದೇ ಗುರುತು ಸಾಕು. ಗುಲಾಬಿ ನೇರಳೆಯ ಗುಂಡನೆಯ ಹೂ, ನೆಲಗಡಲೆ ಕಾಳಿಗಿಂತ ಸ್ವಲ್ಪ ದಪ್ಪ. ಆ ಗುಂಡು ಒಂದು ಹೂತಟ್ಟೆ ಅಲ್ಲ, ಹತ್ತಾರು ಹೂತಟ್ಟೆಗಳು ಸೇರಿದ ಗುಂಡು. ಅಂದರೆ ಹೂಗಳ ಗುಂಪುಗಳದ್ದೇ ಗುಂಪು! ಮುಟ್ಟಿದರೆ ಕೈಗೆ ಗಾಢ ವಾಸನೆ ಹತ್ತುತ್ತದೆ. ಅದರ ಪಕ್ಕದಲ್ಲೇ, ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ, ಚಕ್ರದ ಹಾಗೆ ಹರಡಿ ಮಲಗಿದ, ಮೆತ್ತನೆ ಬಿಳಿ ರೋಮದ ಎಲೆಯ, ಹಳದಿ ಗುಂಡಿಯಂಥ ಹೂವಿನ ಗಿಡ ಇದ್ದರೆ ಅದು ಗ್ರಾಂಜಿಯಾ ಮದರಾಸ್ಪಟಾನಾ. ಹೆಸರಿನಲ್ಲೇ ಮದರಾಸು ಇದೆ. ಇನ್ನೂ ಬಗ್ಗಿ ನೋಡಿದರೆ ಬೆರಳುಗುರಿನಷ್ಟೂ ಇಲ್ಲದ ಎಲೆಯ, ಮೂರು ನಾಲ್ಕು ಮಿಲಿಮೀಟರ್ ಹೂತಟ್ಟೆಯ ಸೆಂಟಿಪೀಡಾ ಮಿನಿಮಾ ಸಿಗಬಹುದು. ನೆಲಕ್ಕೆ ಹಾಸಿದ ಹಾಗಿರುತ್ತದೆ. ಹಿಸುಕಿ ಮೂಸಿದರೆ ನಶ್ಯ ಏರಿಸಿದ ಹಾಗೆ ಸೀನು ಬರುತ್ತದೆ. ಕರಂಡೆಯಾಗಲಿ ಇವೆರಡಾಗಲಿ, ಎಸಳಿನಂಥ ಅಂಚಿನ ಹೂ ತೋರಿಸುವುದಿಲ್ಲ. ಎಲೆಯೂ ಒಂಟಿಯೇ. ಹಾಗಾಗಿ ಗರುಗದ ಜೊತೆ ಗೊಂದಲಕ್ಕೆ ಅವಕಾಶವೇ ಇಲ್ಲ.

ಮುಂದಿನ ಸಲ ಫೋಟೊ ತೆಗೆಯುವಾಗ ಹೀಗೆ ಮಾಡಿ. ಗಿಡ ನಿಂತ ಜಾಗದ್ದೊಂದು, ನೀರಿನಿಂದ ಎಷ್ಟು ದೂರ ಅಂತ ಕಾಣುವ ಹಾಗೆ. ಕಾಂಡಕ್ಕೆ ಎಲೆ ಸೇರುವ ಕಡೆಯದ್ದೊಂದು. ಹೂತಟ್ಟೆಯನ್ನು ಮಗುಚಿ ಅದರ ಬೆನ್ನಿನದ್ದೊಂದು. ಅಲ್ಲಿ ಹಸಿರು ಪುಟ್ಟ ಎಲೆಗಳು ಒಂದು ಸಾಲೋ, ಎರಡೋ ಅಂತ ಕಾಣುತ್ತದೆ. ಕೊನೆಗೆ ಕಾಗದದ ಮೇಲೆ ಉದುರಿಸಿದ ಬೀಜದ್ದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು. 2011ರಿಂದ 2018ರ ನಡುವಿನ ನಾಣ್ಯ ಸುಮಾರು 22 ಮಿಲಿಮೀಟರ್ ಅಗಲ, ಅದರಿಂದ ಅಳತೆ ಸಿಗುತ್ತದೆ. ಗಿಡವನ್ನು ಇಟ್ಟುಕೊಳ್ಳಬೇಕು ಅನಿಸಿದರೆ ಹಳೇ ಪೇಪರ್ ಮಡಿಕೆಯಲ್ಲಿ ಹರಡಿ, ಮೇಲೆ ಭಾರ ಹೇರಿ, ದಿನಾ ಪೇಪರ್ ಬದಲಿಸಿ. ನಿಮ್ಮ ಕಡೆಯ ತೇವಕ್ಕೆ ಒಂದು ದಿನ ಬಿಟ್ಟರೂ ಬೂಷ್ಟು ಹಿಡಿಯುತ್ತದೆ. ಹೆಸರು, ಜಾಗ, ತಾರೀಕು ಬರೆದಿಡಿ.

ಈಗ ಐದನೆಯ ಫೋಟೊ. ಎಲೆ ಜೋಡಿ, ಮೈ ಒರಟು, ಹೂವಿಲ್ಲ. ಗರುಗವೂ ಆಗಬಹುದು, ಸಿನೆಡ್ರೆಲ್ಲಾವೂ ಆಗಬಹುದು. ಫೋಟೊ ನೋಡಿ ಹೆಸರು ಹೇಳಿದರೆ ನಾನೂ ಆ್ಯಪ್ ಮಾಡಿದ್ದನ್ನೇ ಮಾಡಿದ ಹಾಗೆ. ಒಂದೆರಡು ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ಅತ್ತೆಯವರಿಗೆ ಮೂಸಲು ಕೊಡಿ, ಕಪ್ಪಾಗುತ್ತದೋ ನೀವು ನೋಡಿ. ಆಮೇಲೆ ಆ ಗಿಡಕ್ಕೆ ಒಂದು ಕೆಂಪು ದಾರ ಕಟ್ಟಿ, ಕಳೆ ಕೀಳುವವರಿಗೂ ಹೇಳಿಡಿ. ಹೂ ಬಂದು, ಎಸಳು ಉದುರಿ, ತಟ್ಟೆ ಮಾಗಿದ ಮೇಲೆ ಬೀಜದ ಫೋಟೊ ಕಳಿಸಿ.